ಝಡ್‌ಎಫ್‌ಎಸ್ ಐದು ವರ್ಷ: ವಿಡಿಯೊ ಸಲೀಸು, ತಂಬ್‌ನೇಲ್ ತಕರಾರು

ಐದು ವರ್ಷದಿಂದ ಹಗಲೂ ರಾತ್ರಿ ಓಡುತ್ತಿರುವ ಮೀಡಿಯಾ ಸಂಗ್ರಹವೊಂದರ ವಿಮರ್ಶೆ ಇದು. ಪೆಟ್ಟಿಗೆಯೊಳಗೆ 18 ಟಿಬಿಯ 16 ಹಾರ್ಡ್ ಡಿಸ್ಕ್, ಎಂಟೆಂಟರ ಎರಡು ರೇಡ್‌ಝಡ್2 ವಿಡೆವ್ (ಎರಡು ಡಿಸ್ಕ್ ಸತ್ತರೂ ಡೇಟಾ ಉಳಿಸುವ ಡಿಸ್ಕ್ ಗುಂಪು), ಲಿನಕ್ಸ್ ಮೇಲೆ ಓಪನ್‌ಝಡ್‌ಎಫ್‌ಎಸ್ (ಡಿಸ್ಕ್‌ಗಳನ್ನೆಲ್ಲ ಒಂದೇ ಪೂಲ್ ಆಗಿ ಸೇರಿಸಿ ಫೈಲ್ ಇಡುವ ಝಡ್‌ಎಫ್‌ಎಸ್ ಫೈಲ್ ಸಿಸ್ಟಂನ ಮುಕ್ತ ಆವೃತ್ತಿ), ಹೊರಗೆ 10 ಗಿಗಾಬಿಟ್ ನೆಟ್‌ವರ್ಕ್. ಝಡ್‌ಎಫ್‌ಎಸ್‌ನಲ್ಲಿ ಏನೇನಿದೆ ಎಂಬ ಪಟ್ಟಿ ಎಲ್ಲ ಕಡೆ ಸಿಗುತ್ತದೆ, ಇಲ್ಲಿ ಬೇಡ. ದೊಡ್ಡ ಫೈಲ್‌ಗೆಂದು ಕಟ್ಟಿದ ಇಂಥ ವ್ಯವಸ್ಥೆಯನ್ನು ಕುಂಟಿಸುವುದು ಆ ದೊಡ್ಡ ಫೈಲ್‌ನ ಬೆನ್ನಿಗೇ ಹುಟ್ಟುವ ಸಣ್ಣ ಸಣ್ಣ ಫೈಲ್‌ಗಳು. ಕಟ್ಟುವ ಮೊದಲು ಯಾರಾದರೂ ಇದನ್ನು ಒತ್ತಿ ಹೇಳಬೇಕು, ಅದಕ್ಕೇ ಬರೆಯುತ್ತಿರುವುದು.

ಮೊದಲು ಒಳ್ಳೆಯದನ್ನು ಹೇಳಿಬಿಡೋಣ. ಪ್ರೋರೆಸ್ 422 ಎಚ್‌ಕ್ಯೂ (ಎಡಿಟಿಂಗ್‌ಗೆ ಬಳಸುವ ವಿಡಿಯೊ ಫಾರ್ಮ್ಯಾಟ್), ಅಲ್ಟ್ರಾ ಎಚ್‌ಡಿ, ಸೆಕೆಂಡಿಗೆ 25 ಫ್ರೇಮ್ ಎಂದರೆ 737 ಮೆಗಾಬಿಟ್, ಅಂದರೆ ಸೆಕೆಂಡಿಗೆ ಸುಮಾರು 92 ಎಂಬಿ. ಒಂದು ಗಂಟೆಯ ಫುಟೇಜ್‌ಗೆ 332 ಜಿಬಿ. ಇಂಥ ನಾಲ್ಕೈದು ಸ್ಟ್ರೀಮ್ ಒಟ್ಟಿಗೆ ಓಡಿದರೂ ಪೆಟ್ಟಿಗೆ ಜಗ್ಗುವುದಿಲ್ಲ. ಇದಕ್ಕೆ ಮುಖ್ಯ ಕಾರಣ ವಿಡಿಯೊ ಡೇಟಾಸೆಟ್‌ನ (ಪೂಲ್‌ನೊಳಗಿನ ಪ್ರತ್ಯೇಕ ವಿಭಾಗ) ರೆಕಾರ್ಡ್‌ಸೈಜ್ ಅನ್ನು, ಅಂದರೆ ಫೈಲ್ ಅನ್ನು ತುಂಡು ಮಾಡಿ ಬರೆಯುವ ಗಾತ್ರವನ್ನು, 128 ಕೆಬಿಯಿಂದ 1 ಎಂಬಿಗೆ ಏರಿಸಿದ್ದು. 128 ಕೆಬಿಯ ಒಂದು ರೆಕಾರ್ಡ್ ಆರು ಡಿಸ್ಕ್‌ಗೆ (ಎಂಟರಲ್ಲಿ ಎರಡರಷ್ಟು ಪ್ಯಾರಿಟಿಗೆ, ಅಂದರೆ ಸತ್ತ ಡಿಸ್ಕ್‌ನ ಡೇಟಾ ಮರಳಿ ಕಟ್ಟುವ ಮಾಹಿತಿಗೆ) ಹಂಚಿದರೆ ತಲಾ 21 ಕೆಬಿ. ನಿಮಿಷಕ್ಕೆ 7200 ಸುತ್ತಿನ ಡಿಸ್ಕ್‌ನಲ್ಲಿ ಹೆಡ್ ಜಾಗಕ್ಕೆ ಹೋಗಿ ನಿಲ್ಲಲು 12 ಮಿಲಿಸೆಕೆಂಡ್ ಹಿಡಿಯುತ್ತದೆ, ಆ 21 ಕೆಬಿ ಓದಲು 0.1 ಮಿಲಿಸೆಕೆಂಡ್. ಹೋಗಿಬರುವುದರಲ್ಲೇ ಹೊತ್ತೆಲ್ಲ ಕಳೆಯಿತು. 1 ಎಂಬಿ ಮಾಡಿದರೆ ಒಂದೇ ಓಡಾಟಕ್ಕೆ ಎಂಟು ಪಟ್ಟು ಮಾಲು ಸಿಗುತ್ತದೆ. ಸ್ಟ್ರೀಮ್ ಒಂದೇ ಇದ್ದಾಗ ಪ್ರೀಫೆಚ್ (ಮುಂದೆ ಬೇಕಾಗುವುದನ್ನು ಮೊದಲೇ ಓದಿಡುವುದು) ಈ ವ್ಯತ್ಯಾಸವನ್ನು ಮುಚ್ಚಿಹಾಕುತ್ತದೆ. ಐದು ಸ್ಟ್ರೀಮ್ ಒಟ್ಟಿಗೆ ಬಂದಾಗಲೇ ಅದು ಬಯಲಾಗುವುದು.

ಜಾಗದ ಲೆಕ್ಕದಲ್ಲೂ ಲಾಭವಿದೆ. ಎಂಟು ಡಿಸ್ಕ್‌ನ ರೇಡ್‌ಝಡ್2ರಲ್ಲಿ 128 ಕೆಬಿ ರೆಕಾರ್ಡ್‌ಗೆ 4 ಕೆಬಿಯ 32 ಸೆಕ್ಟರ್ ಡೇಟಾ, 12 ಪ್ಯಾರಿಟಿ, ಮೂರರ ಗುಣಕಕ್ಕೆ ಸರಿಹೊಂದಿಸಲು ಇನ್ನೊಂದು, ಒಟ್ಟು 45. ಅಂದರೆ ಉಪಯೋಗಕ್ಕೆ ಬರುವುದು ಶೇ 71. 1 ಎಂಬಿ ರೆಕಾರ್ಡ್‌ನಲ್ಲಿ 342ಕ್ಕೆ 256, ಸುಮಾರು ಶೇ 75. ಇಲ್ಲೊಂದು ವಿಚಿತ್ರವೂ ಇದೆ. ಝಡ್‌ಎಫ್‌ಎಸ್ ಖಾಲಿ ಜಾಗದ ಲೆಕ್ಕ ಹಾಕುವುದು 128 ಕೆಬಿಯನ್ನೇ ಅಳತೆಗೋಲು ಮಾಡಿಕೊಂಡು. ಹಾಗಾಗಿ 100 ಜಿಬಿಯ ವಿಡಿಯೊ ಡಿಸ್ಕ್ ಬಳಕೆಯ ಪಟ್ಟಿಯಲ್ಲಿ 95 ಜಿಬಿ ಎಂದು ಕಾಣಿಸುತ್ತದೆ. ಫೈಲ್ ಅರ್ಧಕ್ಕೇ ನಿಂತಿತೇ ಎಂದು ಗಾಬರಿಯಾಗಬೇಡಿ.

ಎಲ್‌ಝಡ್4 ಕಂಪ್ರೆಶನ್ ಆನ್ ಇರಲಿ. ವಿಡಿಯೊ, ಜೆಪೆಗ್ ಅದರಿಂದ ಕುಗ್ಗುವುದಿಲ್ಲ, ನಿಜ. ಆದರೆ 1.1 ಎಂಬಿಯ ಫೈಲ್ ಎರಡು ಪೂರ್ತಿ ರೆಕಾರ್ಡ್ ಹಿಡಿದು 2 ಎಂಬಿ ನುಂಗುವುದು ಕಂಪ್ರೆಶನ್ ಇಲ್ಲದಾಗ. ಇದ್ದರೆ ಬಾಲದ ಸೊನ್ನೆಗಳೆಲ್ಲ ಒತ್ತಿಹೋಗುತ್ತವೆ. ಏಟೈಮ್ (ಫೈಲ್ ಓದಿದ ಹೊತ್ತು ಬರೆದಿಡುವುದು) ಆಫ್, ಆಶಿಫ್ಟ್ 12 (ಅಂದರೆ 4 ಕೆಬಿ ಸೆಕ್ಟರ್). ಡೀಡ್ಯೂಪ್ (ಒಂದೇ ಥರದ ಬ್ಲಾಕ್ ಒಮ್ಮೆ ಮಾತ್ರ ಇಡುವುದು) ಮುಟ್ಟಲೇಬೇಡಿ, ಒಂದೇ ಶಾಟ್‌ನ ಎರಡು ಎನ್‌ಕೋಡ್‌ಗಳಲ್ಲಿ ಹೊಂದುವ ಬ್ಲಾಕ್ ಒಂದೂ ಸಿಗುವುದಿಲ್ಲ, ಟೇಬಲ್ ಮಾತ್ರ ರ‍್ಯಾಮ್ ತಿನ್ನುತ್ತದೆ. ಎಲ್‌2ಆರ್ಕ್‌ಗೆಂದು, ಅಂದರೆ ಎರಡನೇ ಹಂತದ ಓದು ಕ್ಯಾಶ್‌ಗೆಂದು, ಎಸ್‌ಎಸ್‌ಡಿ ಕೊಂಡವರಿಗೂ ನಿರಾಸೆ ಕಾದಿದೆ: ಪ್ರೀಫೆಚ್ ಆಗಿ ಬಂದ ಡೇಟಾ ಡೀಫಾಲ್ಟ್ ಆಗಿ ಅದರೊಳಗೆ ಹೋಗುವುದೇ ಇಲ್ಲ, ವಿಡಿಯೊ ಓದು ಬಹುಪಾಲು ಪ್ರೀಫೆಚ್.

ಇಷ್ಟರವರೆಗೆ ಎಲ್ಲ ಸೊಗಸು. ಇನ್ನು ತಕರಾರು.

ಒಂದು ಕ್ಲಿಪ್ ಒಳಗೆ ಬಂದರೆ ಅದು ಒಂಟಿಯಾಗಿ ಬರುವುದಿಲ್ಲ. ಹತ್ತು ಸೆಕೆಂಡಿಗೊಂದರಂತೆ ತಂಬ್‌ನೇಲ್, ಆಡಿಯೊದ ವೇವ್‌ಫಾರ್ಮ್ ಫೈಲ್, ಎಕ್ಸ್‌ಎಂಪಿ ಸೈಡ್‌ಕಾರ್ (ಕ್ಲಿಪ್‌ನ ವಿವರ ಇರುವ ಪುಟ್ಟ ಫೈಲ್), ಚೆಕ್‌ಸಮ್ ಫೈಲ್ (ಡೇಟಾ ಕೆಟ್ಟಿಲ್ಲವೇ ಎಂದು ತಾಳೆ ನೋಡಲು). ಗಾತ್ರದಲ್ಲಿ ಇವು ಲೆಕ್ಕಕ್ಕೇ ಇಲ್ಲ, ಸಂಖ್ಯೆಯಲ್ಲಿ ಮಾತ್ರ ಸಂಗ್ರಹದ ಬಹುಪಾಲು ಇವೇ. ರೇಡ್‌ಝಡ್2ಗೆ ಇವುಗಳ ಮೇಲೆ ಎಳ್ಳಷ್ಟೂ ಕರುಣೆಯಿಲ್ಲ. 4 ಕೆಬಿಯ ಸೈಡ್‌ಕಾರ್‌ಗೆ ಒಂದು ಸೆಕ್ಟರ್ ಡೇಟಾ, ಎರಡು ಸೆಕ್ಟರ್ ಪ್ಯಾರಿಟಿ: 12 ಕೆಬಿ ಹೋಯಿತು. 8 ಕೆಬಿಯದಾದರೆ ಎರಡು ಡೇಟಾ, ಎರಡು ಪ್ಯಾರಿಟಿ, ಮೂರರ ಗುಣಕಕ್ಕೆಂದು ಇನ್ನೆರಡು ಖಾಲಿ: 24 ಕೆಬಿ. ಮೂಗಿಗಿಂತ ಮೂಗುತಿ ಭಾರ. ಜಾಗ ಹೋದರೆ ಹೋಗಲಿ ಎನ್ನಬಹುದು, ಆದರೆ 20 ಕೆಬಿಯ ಒಂದೇ ಒಂದು ತಂಬ್‌ನೇಲ್ ತೋರಿಸಲು ಐದು ಡಿಸ್ಕ್‌ಗಳ ಹೆಡ್ ಚಲಿಸಬೇಕು. ಅತ್ತ ಅದೇ ಐದು ಡಿಸ್ಕ್‌ಗಳಿಂದ ಯಾರೋ ವಿಡಿಯೊ ನೋಡುತ್ತಿರುತ್ತಾರೆ. ತಂಬ್‌ನೇಲ್ ತೆರೆದವರಿಗೂ ಕಾಯುವ ಪಾಡು, ಟೈಮ್‌ಲೈನ್‌ನಲ್ಲಿದ್ದವರಿಗೂ ತಡವರಿಕೆ.

ಅದಕ್ಕಿಂತ ಹೆಚ್ಚು ಕಾಡುವುದು ಫೋಲ್ಡರ್ ತೆರೆಯುವ ಕೆಲಸ. 2 ಲಕ್ಷ ಫೈಲ್‌ಗಳ ಫೋಲ್ಡರ್ ಅಂದುಕೊಳ್ಳಿ. ಪ್ರತಿ ಫೈಲ್‌ನ ವಿವರ ಇರುವುದು 512 ಬೈಟ್‌ನ ಡಿನೋಡ್‌ನಲ್ಲಿ, 16 ಕೆಬಿಯ ಒಂದು ಬ್ಲಾಕ್‌ಗೆ 32 ಡಿನೋಡ್. ಎಲ್ಲ ಒತ್ತೊತ್ತಾಗಿ ಕೂತಿದ್ದರೂ 6,250 ಬ್ಲಾಕ್ ಓದಬೇಕು. ತಲಾ 12 ಮಿಲಿಸೆಕೆಂಡ್ ಎಂದರೆ 75 ಸೆಕೆಂಡ್. ವರ್ಷಗಟ್ಟಲೆ ಬರೆದು ಅಳಿಸಿದ ಪೂಲ್‌ನಲ್ಲಿ ಅವು ಒತ್ತೊತ್ತಾಗಿ ಇರುವುದೂ ಇಲ್ಲ. ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್‌ಗಳನ್ನು (ಫೈಲ್‌ಗೆ ಅಂಟಿಸುವ ಹೆಚ್ಚುವರಿ ವಿವರ) ಹಳೆಯ ರೀತಿಯಲ್ಲಿ, ಅಂದರೆ ಮರೆಯ ಫೋಲ್ಡರ್‌ನಲ್ಲಿ ಇಟ್ಟಿದ್ದರೆ ಪ್ರತಿ ಫೈಲ್‌ಗೂ ಇನ್ನೆರಡು ಸುತ್ತು ಹೆಚ್ಚು. ಇದಕ್ಕೇ ಎಕ್ಸ್‌ಅಟ್ಟರ್ ಸೆಟ್ಟಿಂಗ್ ಅನ್ನು ಎಸ್‌ಎ (ಆ ವಿವರ ಡಿನೋಡ್‌ನ ಜೊತೆಗೇ) ಎಂದು ಮೊದಲ ದಿನವೇ ಇಡಬೇಕು. ಎರಡನೇ ಸಲ ತೆರೆದಾಗ ರ‍್ಯಾಮ್‌ನಿಂದ ಥಟ್ಟನೆ ಬರುತ್ತದೆ, ಸರಿಹೋಯಿತು ಎಂದು ಸಮಾಧಾನವಾಗುತ್ತದೆ. ದಿನವಿಡೀ ವಿಡಿಯೊ ಹರಿದು ರ‍್ಯಾಮ್ ತುಂಬಿದ ಮೇಲೆ, ಮರುದಿನ ಬೆಳಿಗ್ಗೆ ಮತ್ತೆ ಅದೇ ಗಿರಗಿರ ಸುತ್ತುವ ಚಕ್ರ. ಮೊದಲ ಎರಡು ವರ್ಷ ಈ ಪೆಟ್ಟಿಗೆಯನ್ನು ಶಿಫಾರಸು ಮಾಡಲು ಮನಸ್ಸೇ ಬರುತ್ತಿರಲಿಲ್ಲ.

ಅಭಿಪ್ರಾಯ ಬದಲಾಗಿದ್ದು ಸ್ಪೆಷಲ್ ವಿಡೆವ್ ಸೇರಿಸಿದ ಮೇಲೆ. ಪೂಲ್‌ನ ಮೆಟಾಡೇಟಾ (ಫೈಲ್‌ಗಳ ಬಗೆಗಿನ ವಿವರ) ಎಲ್ಲ, ಜೊತೆಗೆ ಹೇಳಿದ ಗಾತ್ರದ ಅಥವಾ ಅದಕ್ಕಿಂತ ಚಿಕ್ಕ ಬ್ಲಾಕ್‌ಗಳು, ಎಸ್‌ಎಸ್‌ಡಿಗಳ ಮೇಲೆ ಹೋಗಿ ಕೂರುತ್ತವೆ. ಅದೇ 6,250 ಬ್ಲಾಕ್ ಈಗ ತಲಾ 0.1 ಮಿಲಿಸೆಕೆಂಡ್: ಒಂದು ಸೆಕೆಂಡೂ ಇಲ್ಲ. ಬೆಳಿಗ್ಗೆ ಮೊದಲ ಸಲ ಫೋಲ್ಡರ್ ತೆರೆದಾಗ ಚಿತ್ರಗಳು ಮೇಲಿನಿಂದ ಕೆಳಗೆ ಸರಸರನೆ ತುಂಬಿಕೊಳ್ಳುವುದನ್ನು ನೋಡುವ ಸಂತೋಷ ಇವತ್ತಿಗೂ ಕಡಿಮೆಯಾಗಿಲ್ಲ. ಹಾರ್ಡ್ ಡಿಸ್ಕ್‌ಗಳ ಕಟಕಟ ಸದ್ದು ಕೂಡ ತಗ್ಗುತ್ತದೆ, ಅವಕ್ಕೆ ಉಳಿದಿರುವುದು ಉದ್ದುದ್ದ ಓದು ಮಾತ್ರ.

ಎಷ್ಟು ದೊಡ್ಡ ಎಸ್‌ಎಸ್‌ಡಿ ಬೇಕು? ಅಂದುಕೊಂಡದ್ದಕ್ಕಿಂತ ಚಿಕ್ಕದು ಸಾಕು. 1 ಎಂಬಿ ರೆಕಾರ್ಡ್‌ನಲ್ಲಿ 1 ಟಿಬಿ ವಿಡಿಯೊ ಎಂದರೆ 10 ಲಕ್ಷ ರೆಕಾರ್ಡ್, ತಲಾ 128 ಬೈಟ್‌ನ ಪಾಯಿಂಟರ್: ಸುಮಾರು 128 ಎಂಬಿ. 200 ಟಿಬಿಗೆ 26 ಜಿಬಿ, ಮೆಟಾಡೇಟಾವನ್ನು ಎರಡೆರಡು ಪ್ರತಿ ಇಡುವುದರಿಂದ ಅದರ ಇಮ್ಮಡಿ. ನಿಜವಾಗಿ ಜಾಗ ಹಿಡಿಯುವುದು ತಂಬ್‌ನೇಲ್: 20 ಕೆಬಿಯ 50 ಲಕ್ಷಕ್ಕೆ 100 ಜಿಬಿ. 480 ಜಿಬಿಯ ಎಸ್‌ಎಸ್‌ಡಿಯಲ್ಲಿ ನಿರಾಳವಾಗಿ ನಡೆಯುತ್ತದೆ. ಪೂರ್ತಿ ತುಂಬಿಸಲು ಹೋಗಬೇಡಿ, ಶೇ 25ಕ್ಕಿಂತ ಕಡಿಮೆ ಖಾಲಿ ಉಳಿದಾಗ ಅದು ಸಣ್ಣ ಬ್ಲಾಕ್‌ಗಳನ್ನು ಮತ್ತೆ ಹಾರ್ಡ್ ಡಿಸ್ಕ್‌ಗೆ ತಳ್ಳುತ್ತದೆ.

ಕೈ ಸುಟ್ಟುಕೊಳ್ಳುವ ಜಾಗಗಳೂ ಇಲ್ಲೇ ಇವೆ. ಸ್ಪೆಷಲ್ ವಿಡೆವ್ ಕ್ಯಾಶ್ ಅಲ್ಲ, ಅದು ಹೋದರೆ ಇಡೀ ಪೂಲ್ ಹೋಯಿತು. ಹಿಂದಿರುವ ರೇಡ್‌ಝಡ್2 ಎರಡು ಡಿಸ್ಕ್ ಸತ್ತರೂ ತಡೆಯುತ್ತದೆ ಎಂದಾದರೆ ಅದರ ಮುಂದಿರುವ ಸ್ಪೆಷಲ್ ವಿಡೆವ್ ಕೂಡ ಎರಡು ಸತ್ತರೆ ತಡೆಯಬೇಕು, ಅಂದರೆ ಮೂರು ಎಸ್‌ಎಸ್‌ಡಿಯ ಮಿರರ್ (ಮೂರರಲ್ಲೂ ಒಂದೇ ಪ್ರತಿ). ಮೂರೂ ವಿದ್ಯುತ್ ಹೋದಾಗ ಬರಹ ಕಾಪಾಡುವ ಕೆಪಾಸಿಟರ್ ಇರುವವು, ಮೂರೂ ಬೇರೆ ಬೇರೆ ಮೇಕ್. ಒಂದೇ ಬ್ಯಾಚ್‌ನವು ಒಂದೇ ಬಗೆಯ ಬರಹ ಪಡೆದು ಒಂದೇ ವಾರ ಸವೆಯಬಹುದು. ರೇಡ್‌ಝಡ್ ಇರುವ ಪೂಲ್‌ಗೆ ಒಮ್ಮೆ ಸೇರಿಸಿದರೆ ತೆಗೆಯಲು ಬರುವುದಿಲ್ಲ. ಇನ್ನು ಸ್ಪೆಷಲ್ ಸ್ಮಾಲ್ ಬ್ಲಾಕ್ಸ್ ಎಂಬ ಮಿತಿಯನ್ನು ಡೇಟಾಸೆಟ್‌ನ ರೆಕಾರ್ಡ್‌ಸೈಜ್‌ಗೆ ಸಮ ಮಾಡಿದಿರೋ, ವಿಡಿಯೊ ಪೂರ್ತಿ ಎಸ್‌ಎಸ್‌ಡಿಗೆ ಸುರಿದು ಒಂದೇ ಮಧ್ಯಾಹ್ನದಲ್ಲಿ ತುಂಬಿಬಿಡುತ್ತದೆ. ತಂಬ್‌ನೇಲ್ ಡೇಟಾಸೆಟ್‌ಗೆ 64 ಕೆಬಿ, ವಿಡಿಯೊ ಡೇಟಾಸೆಟ್‌ಗೆ ಸೊನ್ನೆ. ಎರಡನ್ನೂ ಒಂದೇ ಡೇಟಾಸೆಟ್‌ನಲ್ಲಿ ಬೆರೆಸಿ ಇಡುವ ಅಭ್ಯಾಸವನ್ನೇ ಬಿಡಿ.

ಇದೇ ವಿಂಗಡಣೆ ಸ್ನ್ಯಾಪ್‌ಶಾಟ್‌ಗೂ (ಡೇಟಾಸೆಟ್‌ನ ಆ ಕ್ಷಣದ ಸ್ಥಿತಿಯನ್ನು ಹಿಡಿದಿಡುವುದು) ಒದಗುತ್ತದೆ. ಪ್ರಾಕ್ಸಿ (ಎಡಿಟಿಂಗ್‌ಗೆಂದು ಮಾಡಿದ ಹಗುರ ಪ್ರತಿ), ರೆಂಡರ್ ಕ್ಯಾಶ್, ತಂಬ್‌ನೇಲ್ ಎಲ್ಲ ಪದೇ ಪದೇ ಅಳಿಸಿ ಹುಟ್ಟಿಸುವ ಸರಕು. ಅದರ ಮೇಲೆ ದಿನವೂ ಸ್ನ್ಯಾಪ್‌ಶಾಟ್ ತೆಗೆದರೆ ಅಳಿಸಿದ್ದು ಯಾವುದೂ ಹೋಗುವುದಿಲ್ಲ, ಎಲ್ಲ ನೆರಳಿನಂತೆ ಉಳಿದುಕೊಳ್ಳುತ್ತದೆ. ಟೆರಾಬೈಟ್‌ಗಟ್ಟಲೆ ಅಳಿಸಿದರೂ ಜಾಗ ಬರುತ್ತಿಲ್ಲ ಎಂಬ ದೂರು ಬಂದಾಗ ಝಡ್‌ಎಫ್‌ಎಸ್ ಲಿಸ್ಟ್‌ನಲ್ಲಿ ಸ್ಪೇಸ್ ಆಯ್ಕೆ ಕೊಟ್ಟು ಯೂಸ್ಡ್‌ಸ್ನ್ಯಾಪ್ ಕಾಲಂ ನೋಡಿ, ಉತ್ತರ ಅಲ್ಲೇ ಇರುತ್ತದೆ. ಮೂಲ ಫುಟೇಜ್‌ಗೆ ಮಾತ್ರ ಸ್ನ್ಯಾಪ್‌ಶಾಟ್ ಇರಲಿ, ಅದೂ ಬ್ಯಾಕಪ್ ಪೆಟ್ಟಿಗೆಗೆ ಕಳಿಸುವಾಗ ಝಡ್‌ಎಫ್‌ಎಸ್ ಸೆಂಡ್‌ಗೆ ದೊಡ್ಡಕ್ಷರದ ಎಲ್ ಆಯ್ಕೆ ಸೇರಿಸಿ. ಅದಿಲ್ಲದಿದ್ದರೆ 1 ಎಂಬಿ ರೆಕಾರ್ಡ್‌ಗಳೆಲ್ಲ 128 ಕೆಬಿಗೆ ಚೂರಾಗಿ ಆಚೆ ಹೋಗಿ ಕೂರುತ್ತವೆ, ಇಷ್ಟೆಲ್ಲ ಮಾಡಿದ ಲೆಕ್ಕ ಬ್ಯಾಕಪ್‌ನಲ್ಲಿ ಇಲ್ಲವಾಗುತ್ತದೆ.

ತಿಂಗಳಿಗೊಮ್ಮೆ ಸ್ಕ್ರಬ್, ಅಂದರೆ ಪೂಲ್‌ನ ಡೇಟಾ ಎಲ್ಲ ಓದಿ ಚೆಕ್‌ಸಮ್ ತಾಳೆ ನೋಡುವುದು. ಶನಿವಾರ ಸಂಜೆ ಹಚ್ಚಿದರೆ ಭಾನುವಾರ ರಾತ್ರಿಯೊಳಗೆ ಮುಗಿದಿರುತ್ತದೆ, 20ರಿಂದ 24 ತಾಸು. ಸೋಮವಾರ ಬೆಳಿಗ್ಗೆ ಝಡ್‌ಪೂಲ್ ಸ್ಟೇಟಸ್ ತೆರೆದು, 16 ಡಿಸ್ಕ್, ಮೂರು ಎಸ್‌ಎಸ್‌ಡಿಯ ಹತ್ತೊಂಬತ್ತು ಸಾಲುಗಳ ಮುಂದಿನ ರೀಡ್, ರೈಟ್, ಚೆಕ್‌ಸಮ್ ಕಾಲಂಗಳ ಸೊನ್ನೆಗಳ ಮೇಲೆ ಒಂದೊಂದಾಗಿ ಕಣ್ಣಾಡಿಸುವುದು ಬಿಡಲಾರದ ಅಭ್ಯಾಸ. ಸೊನ್ನೆ ಅಲ್ಲದ್ದು ಕಂಡರೆ ಓದುವ ಕ್ರಮವೊಂದಿದೆ. ಒಂದೇ ಡಿಸ್ಕ್‌ನ ಚೆಕ್‌ಸಮ್ ಮಾತ್ರ ಏರಿದ್ದರೆ ಮೊದಲು ಸ್ಮಾರ್ಟ್ ವರದಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಅಂಕಿಗಳು): 5, 197, 198 ನಂಬರಿನವು ಏರಿದ್ದರೆ ಡಿಸ್ಕ್ ಹೋಗುತ್ತಿದೆ, 199 ಏರಿದ್ದರೆ ಕೇಬಲ್. ಒಂದೇ ಕೇಬಲ್‌ನ ನಾಲ್ಕೂ ಡಿಸ್ಕ್ ಒಟ್ಟಿಗೆ ದೂರುತ್ತಿದ್ದರೆ ಡಿಸ್ಕ್‌ಗಳನ್ನು ಬಿಡಿ, ಕೇಬಲ್ ಅಥವಾ ಡಿಸ್ಕ್‌ಗಳನ್ನು ಜೋಡಿಸುವ ಎಚ್‌ಬಿಎ ಕಾರ್ಡ್ ನೋಡಿ. ಆ ಕಾರ್ಡ್‌ಗೆ ಸರಿಯಾಗಿ ಗಾಳಿ ತಾಗದಿದ್ದರೆ ಬಿಸಿಯಾಗಿ ಇಂಥ ಆಟ ಆಡುತ್ತದೆ. ಪ್ರತಿ ಟ್ರೇ ಮೇಲೆ ಡಿಸ್ಕ್‌ನ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಂಕಿಗಳ ಚೀಟಿ ಅಂಟಿಸಿಡಿ. ಒಂದು ಡಿಸ್ಕ್ ಹೋದ ಗಡಿಬಿಡಿಯಲ್ಲಿ ಪಕ್ಕದ ಒಳ್ಳೆಯ ಡಿಸ್ಕ್ ಎಳೆಯುವುದು ಅತಿ ಸಾಮಾನ್ಯ ತಪ್ಪು. ಬದಲಿ ಡಿಸ್ಕ್ ಎಸ್‌ಎಂಆರ್ (ಟ್ರ್ಯಾಕ್‌ಗಳನ್ನು ಒಂದರ ಮೇಲೊಂದು ಹೊದಿಸಿ ಬರೆಯುವ ಬಗೆ) ಆಗಿರಕೂಡದು. ಅಂಥದ್ದು ತಿಂಗಳುಗಟ್ಟಲೆ ಚೆನ್ನಾಗಿದ್ದು, ರಿಸಿಲ್ವರ್‌ನ (ಹೊಸ ಡಿಸ್ಕ್‌ಗೆ ಡೇಟಾ ಮರಳಿ ಕಟ್ಟುವುದು) ಎಡೆಬಿಡದ ಬರಹ ಶುರುವಾದಾಗ ಕೈಕೊಡುತ್ತದೆ.

ಬಜೆಟ್ ಬಿಗಿಯಾಗಿದ್ದರೆ? ಡಿಸ್ಕ್ 16ರ ಬದಲು ಎಂಟೇ ಇರಲಿ, ಎಸ್‌ಎಸ್‌ಡಿ ಮೂರನ್ನು ಮಾತ್ರ ಬಿಡಬೇಡಿ. ಡಿಸ್ಕ್ ಆಮೇಲೆ ಸೇರಿಸಬಹುದು. 2025ರ ಜನವರಿಯಲ್ಲಿ ಬಂದ ಓಪನ್‌ಝಡ್‌ಎಫ್‌ಎಸ್ 2.3ರಿಂದ ರೇಡ್‌ಝಡ್ ಗುಂಪಿಗೆ ಒಂದೊಂದೇ ಡಿಸ್ಕ್ ಸೇರಿಸಲು ಬರುತ್ತದೆ, ಹಳೆಯ ಡೇಟಾ ಹಳೆಯ ಪ್ಯಾರಿಟಿ ಅನುಪಾತದಲ್ಲೇ ಉಳಿಯುತ್ತದೆ ಅಷ್ಟೆ. ನಾಲ್ಕು ಡಿಸ್ಕ್‌ಗೆ ಮುಗಿಯುವ ಸಂಗ್ರಹವಾದರೆ ಇದ್ಯಾವುದೂ ಬೇಡ, ಎರಡು ಮಿರರ್ ಸಾಕು, ಸಣ್ಣ ಫೈಲ್‌ಗಳ ಜೊತೆಗೂ ಅದು ಹೊಂದಿಕೊಂಡು ಹೋಗುತ್ತದೆ.

ಈಗಾಗಲೇ ಪೂಲ್ ಓಡುತ್ತಿದ್ದು ಸ್ಪೆಷಲ್ ವಿಡೆವ್ ಆಮೇಲೆ ಸೇರಿಸುವವರು ಒಂದು ಮಾತು ನೆನಪಿಡಿ: ಹಳೆಯದು ತಾನಾಗಿ ಎಸ್‌ಎಸ್‌ಡಿಗೆ ಹೋಗುವುದಿಲ್ಲ, ಹೊಸದಾಗಿ ಬರೆದದ್ದು ಮಾತ್ರ ಹೋಗುತ್ತದೆ. ಮೊದಲು ಸ್ಕ್ರಬ್ ಮುಗಿಸಿ, ಮೂರು ಎಸ್‌ಎಸ್‌ಡಿಯ ಮಿರರ್ ಸೇರಿಸಿ, 64 ಕೆಬಿ ಮಿತಿಯೊಂದಿಗೆ ಹೊಸ ತಂಬ್‌ನೇಲ್ ಡೇಟಾಸೆಟ್ ಮಾಡಿ, ಹಳೆಯದನ್ನು ಆರ್‌ಸಿಂಕ್ ಕಮಾಂಡ್‌ನಿಂದ ಅಲ್ಲಿಗೆ ಎಳೆಯಿರಿ. ಸಿಪಿ ಕಮಾಂಡ್ ಬೇಡ, ಹೊಸ ಆವೃತ್ತಿಗಳಲ್ಲಿ ಅದು ಬ್ಲಾಕ್ ನಕಲಿಸದೆ ಹಳೆಯ ಜಾಗವನ್ನೇ ತೋರಿಸಿ ಸುಮ್ಮನಾಗಬಹುದು. ಎರಡರ ಫೈಲ್ ಎಣಿಕೆ ತಾಳೆಯಾದ ಮೇಲೆ ಹಳೆಯ ಡೇಟಾಸೆಟ್‌ನ ಹೆಸರು ಬದಲಿಸಿ ಒಂದು ವಾರ ಹಾಗೇ ಇಡಿ. ಆಮೇಲೆ ಅದರ ಸ್ನ್ಯಾಪ್‌ಶಾಟ್‌ಗಳ ಸಮೇತ ಅಳಿಸಿ, ಸ್ನ್ಯಾಪ್‌ಶಾಟ್ ಒಂದು ಉಳಿದರೂ ಹಾರ್ಡ್ ಡಿಸ್ಕ್ ಮೇಲಿನ ಜಾಗ ವಾಪಸ್ ಬರುವುದಿಲ್ಲ.