ಟೈಮರ್, ಕೀಪ್ಯಾಡ್ ಫೋನ್, ಬ್ರೌಸರ್: ರೀಲ್ಸ್ ಚಟ ಇಳಿಸಲು ಯಾವುದು ಕೆಲಸಕ್ಕೆ ಬರುತ್ತದೆ?

ಮೂರನ್ನೂ ಬಳಸಿ ನೋಡಿದ ಮೇಲೆ ನನ್ನ ಓಟು ಬ್ರೌಸರ್‌ಗೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಆ್ಯಪ್‌ಗಳನ್ನು ಫೋನಿನಿಂದ ತೆಗೆದುಹಾಕಿ, ಬೇಕಾದಾಗ ಬ್ರೌಸರ್‌ನಲ್ಲಿ ಲಾಗಿನ್ ಆಗಿ ನೋಡುವುದು. ಖಾತೆ ಅಳಿಸಬೇಕಿಲ್ಲ, ಒಂದು ರೂಪಾಯಿ ಖರ್ಚೂ ಇಲ್ಲ. ದುಡ್ಡು ಕೊಟ್ಟು ತಂದ ಕೀಪ್ಯಾಡ್ ಫೋನ್ ಈ ಪೈಪೋಟಿಯಲ್ಲಿ ಎರಡನೇ ಸ್ಥಾನಕ್ಕೂ ಕಷ್ಟಪಟ್ಟಿತು.

ಟಿಕ್‌ಟಾಕ್ ನಿಷೇಧವಾದದ್ದು 2020ರ ಜೂನ್ 29ರಂದು. ಜುಲೈನಲ್ಲಿ ರೀಲ್ಸ್ ಬಂತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಪ್ರಯೋಗ ಭಾರತದಲ್ಲೇ ಶುರುವಾಯಿತು. ಅಂದಿನಿಂದ ಗೆಳೆಯರ ಫೋಟೊ ನೋಡಲು ತೆರೆದ ಆ್ಯಪ್ ಗುರುತೇ ಇಲ್ಲದವರ ವಿಡಿಯೊ ತೋರಿಸುವ ಆ್ಯಪ್ ಆಗಿದೆ. ಊಟ ಮುಗಿಸಿ ಮನೆಮಂದಿಯೆಲ್ಲ ಒಂದೇ ಕೋಣೆಯಲ್ಲಿ ಕೂತು, ಒಬ್ಬೊಬ್ಬರೂ ಬೇರೆ ಬೇರೆ ವಿಡಿಯೊ ತಳ್ಳುತ್ತಿರುವುದನ್ನು ನೋಡಿದರೆ ಸಂಕಟವಾಗುತ್ತದೆ. ಹಾಗಾಗಿ ಯಾವ ಉಪಾಯ ಎಲ್ಲಿ ತಡೆ ಒಡ್ಡುತ್ತದೆ ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ.

ಟೈಮರ್ ತಡೆ ಒಡ್ಡುವುದು ತಪ್ಪು ಜಾಗದಲ್ಲಿ. ಆ್ಯಂಡ್ರಾಯ್ಡ್‌ನ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್, ಅಲ್ಲಿ ಡ್ಯಾಶ್‌ಬೋರ್ಡ್, ಬೇಕಾದ ಆ್ಯಪ್‌ನ ಮುಂದೆ 30 ನಿಮಿಷ ಎಂದು ಇಟ್ಟರೆ ಆಯಿತು. ಅವಧಿ ಮುಗಿದೊಡನೆ ಆ್ಯಪ್ ಮುಚ್ಚಿಕೊಳ್ಳುತ್ತದೆ, ಐಕಾನ್ ಬೂದು ಬಣ್ಣಕ್ಕೆ ತಿರುಗುತ್ತದೆ, ನೋಟಿಫಿಕೇಶನ್ ನಿಲ್ಲುತ್ತದೆ. ಮಧ್ಯರಾತ್ರಿಗೆ ಲೆಕ್ಕ ಮತ್ತೆ ಸೊನ್ನೆಯಿಂದ. ಆದರೆ ಇದಕ್ಕೆ ಬೀಗವಿಲ್ಲ. ಹಾಕಿದ ಜಾಗದಲ್ಲೇ ಟೈಮರ್ ಅಳಿಸಬಹುದು, ನಾಲ್ಕೈದು ಸೆಕೆಂಡಿನ ಕೆಲಸ. ವಿಡಿಯೊಗಳ ಗುಂಗಿನಲ್ಲಿ ಮುಳುಗಿದ್ದಾಗ, ಅಂದರೆ ಮನಸ್ಸು ತೀರಾ ದುರ್ಬಲವಾಗಿರುವ ಹೊತ್ತಿನಲ್ಲಿ, ‘ಸಾಕು’ ಎನ್ನುವ ಜವಾಬ್ದಾರಿಯನ್ನು ಅದು ನಮ್ಮ ಮೇಲೇ ಹಾಕುತ್ತದೆ. ಒಂದು ವಾರ ಕಳೆಯುವಷ್ಟರಲ್ಲಿ ಬೆರಳಿಗೆ ಆ ದಾರಿ ಬಾಯಿಪಾಠವಾಗಿರುತ್ತದೆ. ಇನ್‌ಸ್ಟಾಗ್ರಾಂ ಒಳಗೇ ಇರುವ ದಿನದ ಮಿತಿಯಂತೂ ಬರೀ ನೆನಪೋಲೆ. ಐಫೋನ್ ವಾಸಿ: ಸ್ಕ್ರೀನ್ ಟೈಮ್‌ನ ಪಾಸ್‌ಕೋಡ್ ಮನೆಯ ಬೇರೊಬ್ಬರ ಕೈಯಲ್ಲಿಟ್ಟು, ಮಿತಿ ಮುಗಿದಾಗ ಪೂರ್ತಿ ತಡೆಯುವ ಆಯ್ಕೆ ಆನ್ ಮಾಡಿದರೆ ನಿಜಕ್ಕೂ ನಿಲ್ಲುತ್ತದೆ. ಚಿಕ್ಕ ಮಕ್ಕಳ ಆ್ಯಂಡ್ರಾಯ್ಡ್ ಫೋನಿಗೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಹಾಕಿ, ಅಲ್ಲಿ ಮಿತಿಯ ಕೀಲಿ ಪೋಷಕರ ಫೋನಿನಲ್ಲಿರುತ್ತದೆ. ಪರದೆಯನ್ನು ಕಪ್ಪುಬಿಳುಪು ಮಾಡುವ ಉಪಾಯ ಎರಡು ದಿನ ನಡೆಯುತ್ತದೆ, ಆಮೇಲೆ ಕಣ್ಣಿಗೆ ಒಗ್ಗಿಹೋಗುತ್ತದೆ.

ಇನ್ನು ಕೀಪ್ಯಾಡ್ ಫೋನ್. ಕೇಳಲು ಸೊಗಸಾದ ಉಪಾಯ. ತೊಡಕೆಲ್ಲ ಇರುವುದು ಸಿಮ್‌ನಲ್ಲಿ.

ಅಂಗಡಿಯಲ್ಲಿ ಸಿಗುವ ಅತಿ ಅಗ್ಗದ ಮಾದರಿಗಳು 2ಜಿ. ಜಿಯೋಗೆ 2ಜಿ ಜಾಲವೇ ಇಲ್ಲ, ಆ ಸಿಮ್ ಹಾಕಿದರೆ ಸಿಗ್ನಲ್ ಕಡ್ಡಿಯೇ ಏಳುವುದಿಲ್ಲ. ಪೆಟ್ಟಿಗೆಯ ಮೇಲೆ 4ಜಿ ವೋಲ್ಟಿ (4ಜಿ ಜಾಲದಲ್ಲೇ ಕರೆ ಮಾಡುವ ವ್ಯವಸ್ಥೆ) ಎಂದು ಬರೆದಿದೆಯೇ ನೋಡಿ ಕೊಳ್ಳಬೇಕು. 2023ರಲ್ಲಿ 999 ರೂಪಾಯಿಗೆ ಬಂದ ಜಿಯೋಭಾರತ್ 4ಜಿ ಫೋನ್, ಆದರೆ ಅದರಲ್ಲಿ ಬೇರೆ ಕಂಪನಿಯ ಸಿಮ್ ನಡೆಯುವುದಿಲ್ಲ. ಹಲವು ಮಾದರಿಗಳ ಸಿಮ್ ಗೂಡು ದೊಡ್ಡದು. ಸ್ಮಾರ್ಟ್‌ಫೋನಿನ ನ್ಯಾನೊ ಸಿಮ್‌ಗೆ ಪ್ಲಾಸ್ಟಿಕ್ ಚೌಕಟ್ಟಿನ ಅಡಾಪ್ಟರ್ ಬೇಕು. ಚೌಕಟ್ಟಿಲ್ಲದೆ ತೂರಿಸಿದರೆ ಸಿಮ್ ಒಳಗೇ ಸರಿದು ಪಿನ್ ಬಾಗಬಹುದು, ಅಡಾಪ್ಟರ್ ಮಾತ್ರ ಖಾಲಿಯಾಗಿ ಒಳಗೆ ಹೋದರೆ ಹೊರಗೆಳೆಯುವಾಗ ಪಿನ್ನನ್ನೇ ಕಿತ್ತುಕೊಂಡು ಬರಬಹುದು. ಇಷ್ಟೆಲ್ಲ ದಾಟಿದ ಮೇಲೂ ಅಗ್ಗದ ಮಾದರಿಗಳಲ್ಲಿ ಕನ್ನಡದ ಎಸ್‌ಎಂಎಸ್ ಅಕ್ಷರಗಳ ಬದಲು ಚೌಕಗಳ ಸಾಲಾಗಿ ಕಾಣಿಸಬಹುದು.

ನಿಜವಾದ ಪೇಚು ಆಮೇಲೆ. ಯುಪಿಐ ಆ್ಯಪ್‌ಗಳು ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಅದೇ ಫೋನಿನಲ್ಲಿದೆಯೇ ಎಂದು ನೋಡುತ್ತವೆ. ಸಿಮ್ ಕೀಪ್ಯಾಡ್ ಫೋನಿಗೆ ಹೋದರೆ ಸ್ಮಾರ್ಟ್‌ಫೋನಿನಲ್ಲಿ ಹಲವು ಆ್ಯಪ್‌ಗಳು ಪಾವತಿಗೆ ಒಪ್ಪುವುದಿಲ್ಲ, ಮತ್ತೆ ಸಿಮ್ ತಂದು ಹಾಕಿದರೆ ನೋಂದಣಿ ಪುನಃ ಕೇಳಬಹುದು. ಕೀಪ್ಯಾಡ್ ಫೋನಿನಲ್ಲಿ ಒತ್ತಿ ಹಣ ಕಳಿಸುವ *99# ಇದೆ, ಕರೆ ಮಾಡಿ ಹಣ ಕಳಿಸುವ ಯುಪಿಐ 123ಪೇ ಕೂಡ 2022ರಿಂದ ಇದೆ. ಎರಡೂ ಇಂಟರ್ನೆಟ್ ಇಲ್ಲದೆ ನಡೆಯುತ್ತವೆ. ಆದರೆ *99#ನಲ್ಲಿ ಕ್ಯೂಆರ್ ಸ್ಕ್ಯಾನ್ ಇಲ್ಲ. ತರಕಾರಿ ಅಂಗಡಿಯವರ ನಂಬರನ್ನೋ ಯುಪಿಐ ಐಡಿಯನ್ನೋ ಕೇಳಿ, ಒತ್ತಿ, ಮೊತ್ತ ಒತ್ತಿ, ಪಿನ್ ಒತ್ತಬೇಕು. ನಡುವೆ ತಡವಾದರೆ ಸೆಷನ್ ಕಡಿದು ಮೊದಲಿನಿಂದ ಶುರು. ಹಿಂದೆ ನಾಲ್ಕು ಜನ ಕಾಯುತ್ತಿರುವಾಗ ಇದು ಆಗದ ಮಾತು.

ವಾಟ್ಸಾಪ್ ಮತ್ತೊಂದು ಗಂಟು. ಕೈಓಎಸ್ ಎಂಬ ತಂತ್ರಾಂಶದ ಮೇಲೆ ನಡೆಯುವ ಕೀಪ್ಯಾಡ್ ಫೋನ್‌ಗಳಿಗೆ ವಾಟ್ಸಾಪ್ ಹೊಸದಾಗಿ ಇಳಿಸಿಕೊಳ್ಳುವ ಅವಕಾಶ 2024ರಲ್ಲೇ ನಿಂತಿತು. ವಾಟ್ಸಾಪನ್ನು ಲ್ಯಾಪ್‌ಟಾಪ್‌ನಲ್ಲಷ್ಟೇ ಇಟ್ಟುಕೊಳ್ಳೋಣ ಎಂದರೆ, ಮೂಲ ಫೋನಿನಲ್ಲಿ 14 ದಿನ ತೆರೆಯದಿದ್ದರೆ ಜೋಡಿಸಿದ ಸಾಧನಗಳೆಲ್ಲ ಲಾಗ್ ಔಟ್ ಆಗುತ್ತವೆ. 2025ರ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ, ನೋಂದಾಯಿತ ಸಿಮ್ ಫೋನಿನಲ್ಲಿದ್ದರಷ್ಟೇ ಮೆಸೇಜಿಂಗ್ ಆ್ಯಪ್ ನಡೆಯಬೇಕೆಂದು ಆದೇಶಿಸಿದ ಮೇಲಂತೂ ಈ ದಾರಿಯನ್ನು ನೆಚ್ಚಿಕೊಳ್ಳುವಂತಿಲ್ಲ. ಶಾಲೆಯ ಪೋಷಕರ ಗುಂಪು ಅಲ್ಲೇ, ಅಪಾರ್ಟ್‌ಮೆಂಟಿನ ನೀರಿನ ಸುದ್ದಿ ಅಲ್ಲೇ, ನಮ್ಮ ಮೆಟ್ರೋ ಕ್ಯೂಆರ್ ಟಿಕೆಟ್ಟೂ 2022ರಿಂದ ಅಲ್ಲಿ ಸಿಗುತ್ತದೆ. ರೀಲ್ಸ್ ಬಿಡಲು ಹೊರಟವರು ಇವನ್ನೆಲ್ಲ ಬಿಡಬೇಕಾಗುತ್ತದೆ. ಬಿಡಲಾಗದೆ ಎರಡೂ ಫೋನ್ ಹೊತ್ತರೆ, ರೀಲ್ಸ್ ಇರುವ ಫೋನ್ ಜೇಬಿನಲ್ಲೇ ಉಳಿಯಿತು, ಮೇಲೆ ಎರಡನೇ ಸಿಮ್‌ನ ರೀಚಾರ್ಜ್ ಬೇರೆ.

ಬ್ರೌಸರ್‌ನದು ಸರಳ ಲೆಕ್ಕ: ಶುರುವಾಗುವ ಮೊದಲೇ ತಡೆ. ಕ್ರಮ ಮಾತ್ರ ತಪ್ಪಬಾರದು. ಮೊದಲು ಪಾಸ್‌ವರ್ಡ್ ನೆನಪಿದೆಯೇ, ಖಾತೆಯಲ್ಲಿರುವ ಇಮೇಲ್, ಫೋನ್ ನಂಬರ್ ಈಗಲೂ ನಿಮ್ಮವೇ ಎಂದು ನೋಡಿ, ಎರಡು ಹಂತದ ಭದ್ರತೆಯ ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದಿಡಿ. ಆಮೇಲೆ ಆ್ಯಪ್ ತೆಗೆಯಿರಿ. ಫೋನಿನ ಜೊತೆಗೇ ಬಂದ ಫೇಸ್‌ಬುಕ್, ಯೂಟ್ಯೂಬ್ ಅನ್‌ಇನ್‌ಸ್ಟಾಲ್ ಆಗದಿದ್ದರೆ ಡಿಸೇಬಲ್ ಮಾಡಿ. ನಂತರ ಫೈರ್‌ಫಾಕ್ಸ್ ಬ್ರೌಸರ್ ಹಾಕಿ, ಅದಕ್ಕೆ ಜಾಹೀರಾತು, ಬೇಡದ ಭಾಗಗಳನ್ನು ತಡೆಯುವ ಯೂಬ್ಲಾಕ್ ಒರಿಜಿನ್ ಎಕ್ಸ್‌ಟೆನ್ಶನ್ ಸೇರಿಸಿ. ಫೈರ್‌ಫಾಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ಲಿಂಕ್‌ಗಳನ್ನು ಆ್ಯಪ್‌ನಲ್ಲಿ ತೆರೆಯುವುದನ್ನು ‘ಎಂದಿಗೂ ಬೇಡ’ಕ್ಕೆ ಇಡಿ. ಪಾಸ್‌ವರ್ಡ್ ಉಳಿಸಲೇ ಎಂದು ಕೇಳಿದರೆ ಬೇಡ ಎನ್ನಿ.

ಮುಖ್ಯವಾದದ್ದು, ಹೊರಹೋಗುವಾಗ ಬ್ರೌಸಿಂಗ್ ಡೇಟಾ ಅಳಿಸುವ ಆಯ್ಕೆ. ಅದನ್ನು ಆನ್ ಮಾಡಿದರೆ ಮೆನುವಿನಲ್ಲಿ ಕ್ವಿಟ್ ಬಟನ್ ಬರುತ್ತದೆ. ಅದನ್ನು ಒತ್ತಿದರಷ್ಟೇ ಲಾಗಿನ್ ಅಳಿಯುವುದು, ರೀಸೆಂಟ್ಸ್‌ನಿಂದ ಮೇಲಕ್ಕೆ ತಳ್ಳಿದರೆ ಅಳಿಯುವುದಿಲ್ಲ. ಇದು ಗೊತ್ತಿಲ್ಲದೆ ‘ಬ್ರೌಸರ್ ಪ್ರಯೋಜನವಿಲ್ಲ’ ಎನ್ನುವವರೇ ಹೆಚ್ಚು. ಪ್ರತಿ ಸಲ ಪಾಸ್‌ವರ್ಡ್, ಮೇಲೆ ಆರಂಕಿಯ ಕೋಡ್ ಹಾಕಬೇಕಾದಾಗ, ಸುಮ್ಮನೆ ಬೇಸರಕ್ಕೆ ತೆರೆಯುವುದು ತಾನಾಗಿ ಕಡಿಮೆಯಾಗುತ್ತದೆ. ಕೋಡನ್ನು ಎಸ್‌ಎಂಎಸ್ ಬದಲು, ಫೋನಿನಲ್ಲೇ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್‌ನಿಂದ ಪಡೆಯಿರಿ. ದಿನಕ್ಕೆ ಹತ್ತಾರು ಬಾರಿ ಹೊಸ ಸಾಧನದಂತೆ ಲಾಗಿನ್ ಆದರೆ ಸೈಟೇ ಅನುಮಾನಪಟ್ಟು ತಡೆಯಬಹುದು, ಹಾಗಾಗಿ ಸಂಜೆ ಒಮ್ಮೆ ನೋಡುವ ರೂಢಿ ಒಳ್ಳೆಯದು.

ಆ್ಯಪ್ ಹೋದ ಮೇಲೆ ಫೇಸ್‌ಬುಕ್ ಇಮೇಲ್, ಎಸ್‌ಎಂಎಸ್ ಮೂಲಕ ಕರೆಯಲು ಶುರು ಮಾಡುತ್ತದೆ. ನೋಟಿಫಿಕೇಶನ್ ಸೆಟ್ಟಿಂಗ್ಸ್‌ನಲ್ಲಿ ಎರಡನ್ನೂ ನಿಲ್ಲಿಸಿ. ಯೂಟ್ಯೂಬ್‌ಗೆ ಇನ್ನೂ ಸುಲಭದ ಮದ್ದಿದೆ: ವಾಚ್ ಹಿಸ್ಟರಿ ಪೂರ್ತಿ ಅಳಿಸಿ ಆಫ್ ಮಾಡಿ, ಹೋಮ್ ಪುಟವೇ ಖಾಲಿಯಾಗುತ್ತದೆ. ಹುಡುಕಿದ್ದು, ಸಬ್‌ಸ್ಕ್ರೈಬ್ ಮಾಡಿದ್ದು ಮಾತ್ರ ಸಿಗುತ್ತದೆ. ಶಾರ್ಟ್ಸ್ ಸಾಲನ್ನು ಯೂಬ್ಲಾಕ್‌ನ ಎಲಿಮೆಂಟ್ ಪಿಕರ್‌ನಿಂದ ಆರಿಸಿ ಮರೆಮಾಡಬಹುದು, ಸೈಟಿನ ವಿನ್ಯಾಸ ಬದಲಾದಾಗ ಮತ್ತೆ ಮಾಡಬೇಕಾಗುತ್ತದೆ.

ಕೊರತೆಯೂ ಇದೆ. ಬ್ರೌಸರ್‌ನಲ್ಲಿ ಇನ್‌ಸ್ಟಾಗ್ರಾಂ ನಿಧಾನ, ಆ್ಯಪ್ ಹಾಕಿ ಎಂಬ ಪಟ್ಟಿ ಪದೇ ಪದೇ ಬರುತ್ತದೆ, ರೀಲ್ಸ್ ಎಡಿಟ್ ಮಾಡುವ ಸಲಕರಣೆಗಳೂ ಇಲ್ಲ. ಸೀರೆ ಅಂಗಡಿ, ಬೇಕರಿ, ಯಕ್ಷಗಾನ ಮೇಳದ ಪುಟ ನಡೆಸುವವರಿಗೆ ಇದು ಆಗದು. ಅವರು ಆ್ಯಪನ್ನು ಮನೆಯಲ್ಲೇ ಇರುವ ಹಳೆಯ ಫೋನಿನಲ್ಲಿ, ವೈಫೈನಲ್ಲಿ ಮಾತ್ರ ಇಟ್ಟುಕೊಳ್ಳಲಿ.

ಕೆಲಸಕ್ಕೆ ಯುಪಿಐ, ವಾಟ್ಸಾಪ್ ಎರಡೂ ಬೇಕು, ಸೋಷಿಯಲ್ ಮೀಡಿಯಾ ನೋಡುವುದಕ್ಕೆ ಮಾತ್ರ ಎನ್ನುವ ನನ್ನಂಥವರಿಗೆ ಬ್ರೌಸರ್ ಸಾಕು. ಕೀಪ್ಯಾಡ್ ಫೋನನ್ನು ಪಿಯುಸಿ, ಸಿಇಟಿ ಓದುವ ಮಕ್ಕಳಿಗೆ ಕೊಡಬಹುದು: ಅವರಿಗೆ ಪಾವತಿಯ ಗೋಜಿಲ್ಲ, ಕರೆ ಬಂದರೆ ಸಾಕು. ಯಾವುದರಿಂದಲೂ ಹತೋಟಿಗೆ ಬಾರದೆ ನಿದ್ದೆ, ಓದು, ಕೆಲಸ ಕೆಡುತ್ತಿದ್ದರೆ ಇನ್ನೊಂದು ಆ್ಯಪ್ ಹುಡುಕುತ್ತಾ ಕೂರಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ಶಟ್ ಕ್ಲಿನಿಕ್ ಇದೆ.