ರೂಕಿ ಕಾರ್ಡ್ ಎಂದು ನಂಬಿ ಜೂನಿಯರ್ ಕಾರ್ಡ್ ಕೊಂಡ ಕಥೆ

ಮಗನ ಹನ್ನೆರಡನೆಯ ಹುಟ್ಟುಹಬ್ಬಕ್ಕೆಂದು ಐಸ್ ಹಾಕಿ ಆಟಗಾರ ಕಾನರ್ ಬೆಡಾರ್ಡ್‌ನ ‘ರೂಕಿ ಕಾರ್ಡ್’ (ದೊಡ್ಡ ಲೀಗ್‌ಗೆ ಹೊಸದಾಗಿ ಬಂದ ಆಟಗಾರನ ಮೊದಲ ಚಿತ್ರದ ಕಾರ್ಡ್, ಸಂಗ್ರಾಹಕರು ಕೂಡಿಡುವಂಥದ್ದು) ಒಂದನ್ನು ಆನ್‌ಲೈನಿನಲ್ಲಿ 140 ಡಾಲರ್ ಕೊಟ್ಟು ತರಿಸಿದೆ. ಕೆನಡಾದಲ್ಲಿ ನೆಲೆಸಿರುವ ನಮ್ಮಂಥ ಕನ್ನಡಿಗರ ಮನೆಗಳಲ್ಲಿ ಮಕ್ಕಳು ಐಸ್ ಹಾಕಿಯನ್ನು ಹಚ್ಚಿಕೊಂಡು ಬೆಳೆಯುತ್ತಾರೆ, ಆದರೆ ಆ ಆಟದ ಕಾರ್ಡುಗಳ ಲೆಕ್ಕಾಚಾರ ನಮಗೆ ತಿಳಿದಿರುವುದಿಲ್ಲ. ನನಗಾದ ನಷ್ಟ ಇನ್ನೊಂದು ಮನೆಗೆ ಆಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಹುಡುಗ ಕಾರ್ಡನ್ನು ಪ್ಲಾಸ್ಟಿಕ್ ಕವಚದಿಂದ ಹೊರತೆಗೆಯಲಿಲ್ಲ. ದೀಪದ ಕೆಳಗೆ ಹಿಡಿದು ಎರಡು ಸಲ ತಿರುಗಿಸಿ ನೋಡಿ, “ಅಪ್ಪಾ, ಇದರಲ್ಲಿ ಎನ್‌ಎಚ್‌ಎಲ್ ಗುರುತೇ ಇಲ್ಲ” ಎಂದು ಮೆಲ್ಲಗೆ ಹೇಳಿದ. ಎನ್‌ಎಚ್‌ಎಲ್ ಎಂದರೆ ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್. ಚಿತ್ರದಲ್ಲಿ ಬೆಡಾರ್ಡ್ ತೊಟ್ಟಿದ್ದುದು ಆ ಲೀಗ್‌ನ ಷಿಕಾಗೊ ಬ್ಲ್ಯಾಕ್‌ಹಾಕ್ಸ್ ಜೆರ್ಸಿಯನ್ನಲ್ಲ, ಜೂನಿಯರ್ ಲೀಗ್‌ನಲ್ಲಿ ಅವನು ಆಡುತ್ತಿದ್ದ ರಿಜೈನಾ ಪ್ಯಾಟ್ಸ್ ತಂಡದ ಜೆರ್ಸಿಯನ್ನು. ಎರಡೂ ಜೆರ್ಸಿಗಳಲ್ಲಿ ಅವನ ಸಂಖ್ಯೆ 98 ಆಗಿರುವುದರಿಂದ ಫೋನಿನ ಪುಟ್ಟ ಚಿತ್ರದಲ್ಲಿ ನನಗೆ ವ್ಯತ್ಯಾಸ ಹೊಳೆದಿರಲಿಲ್ಲ. ಕಾರ್ಡ್ ನಕಲಿಯೇನೂ ಅಲ್ಲ, ಅಪ್ಪರ್ ಡೆಕ್ ಕಂಪನಿಯೇ ಮುದ್ರಿಸಿದ್ದು. ಸುಳ್ಳಾಗಿದ್ದದ್ದು ಮಾರಿದವರು ಅದಕ್ಕೆ ಅಂಟಿಸಿದ್ದ ‘ರೂಕಿ’ ಎಂಬ ಮಾತು ಮಾತ್ರ.

ಇಂದಿನ ನಿಯಮದಂತೆ, ಡ್ರಾಫ್ಟ್‌ನಲ್ಲಿ (ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವಲ್ಲಿ) ಆಯ್ಕೆಯಾದ ಮಾತ್ರಕ್ಕೆ ಆಟಗಾರನಿಗೆ ರೂಕಿ ಕಾರ್ಡ್ ಸಿಗುವುದಿಲ್ಲ. ಅವನು ಎನ್‌ಎಚ್‌ಎಲ್ ಪಂದ್ಯವೊಂದರಲ್ಲಿ ಕಣಕ್ಕಿಳಿದ ಮೇಲೆ, ಲೀಗ್ ಮತ್ತು ಆಟಗಾರರ ಸಂಘ ಎರಡರ ಪರವಾನಗಿಯೂ ಇರುವ ಸೆಟ್‌ನಲ್ಲಿ (ಕಂಪನಿ ಒಟ್ಟಾಗಿ ಹೊರತರುವ ಕಾರ್ಡುಗಳ ಗುಂಪಿನಲ್ಲಿ), ಒಂದೇ ಋತುವಿನಲ್ಲಿ ಮಾತ್ರ ಅದು ಬರುತ್ತದೆ. 2023ರ ಜೂನ್‌ನಲ್ಲಿ ಮೊದಲಿಗನಾಗಿ ಆಯ್ಕೆಯಾದ ಬೆಡಾರ್ಡ್ ತನ್ನ ಮೊದಲ ಪಂದ್ಯ ಆಡಿದ್ದು ಅಕ್ಟೋಬರ್ 10ರಂದು. ಹೆಚ್ಚಿನ ಸಂಗ್ರಾಹಕರು ಹುಡುಕುವ ಅವನ ‘ಯಂಗ್ ಗನ್ಸ್’ ಎಂಬ ರೂಕಿ ಕಾರ್ಡ್ ಬಂದದ್ದು 2023-24ರ ಅಪ್ಪರ್ ಡೆಕ್ ಎರಡನೇ ಸರಣಿಯಲ್ಲಿ, ಅದರ ಸಂಖ್ಯೆ 451. ಅದಕ್ಕೂ ಮೊದಲಿನ ಜೂನಿಯರ್ ಕಾರ್ಡುಗಳು ಎಷ್ಟೇ ಚೆಂದವಿದ್ದರೂ ಈ ಲೆಕ್ಕಕ್ಕೆ ಬರುವುದಿಲ್ಲ.

ನಾನು ಹಣ ವಾಪಸ್ ಕೇಳಿದಾಗ ಮಾರಿದವರು ಹಿಂದಿನ ಆಟಗಾರ ಎರಿಕ್ ಲಿಂಡ್ರೋಸ್‌ನ ಉದಾಹರಣೆ ಕೊಟ್ಟರು. ಲಿಂಡ್ರೋಸ್ ಎನ್‌ಎಚ್‌ಎಲ್‌ಗೆ ಕಾಲಿಟ್ಟದ್ದು 1992ರಲ್ಲಿ. ಆದರೂ 1990-91ರ ‘ಸ್ಕೋರ್’ ಎಂಬ ಬ್ರಾಂಡ್‌ನ ಸೆಟ್‌ನ 440ನೇ ಕಾರ್ಡನ್ನೇ ಎಲ್ಲರೂ ಅವನ ರೂಕಿ ಕಾರ್ಡ್ ಎನ್ನುತ್ತಾರೆ, ಅದು ನಿಜ. ಆದರೆ ಆಗ ಇನ್ನೂ ಆಡದ ಹುಡುಗರನ್ನೂ ಕಂಪನಿಗಳು ಎನ್‌ಎಚ್‌ಎಲ್ ಸೆಟ್‌ಗಳಿಗೇ ಸೇರಿಸುತ್ತಿದ್ದವು. ಹಳೆಯ ಕಾಲದ ರೂಢಿಯನ್ನು ತೋರಿಸಿ ಇಂದಿನ ಜೂನಿಯರ್ ಕಾರ್ಡನ್ನು ಮಾರುವುದು, ವಿಷಯ ಗೊತ್ತಿದ್ದವರು ಗೊತ್ತಿಲ್ಲದವರಿಗೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಇನ್ನೊಂದು ಗೊಂದಲವಿದೆ. ವರ್ಷದ ಉತ್ತಮ ಹೊಸ ಆಟಗಾರನಿಗೆ ಕೊಡುವ ಕಾಲ್ಡರ್ ಟ್ರೋಫಿಯ ಅರ್ಹತೆಯೇ ಬೇರೆ, ಅಲ್ಲಿ ಹಿಂದಿನ ಒಂದು ಋತುವಿನಲ್ಲಿ 25 ಪಂದ್ಯಗಳವರೆಗೆ ಆಡಿದ್ದರೂ ಅವನು ರೂಕಿಯೇ. ಹಾಗಾಗಿ ಟ್ರೋಫಿ ಗೆದ್ದ ವರ್ಷವನ್ನು ನೋಡಿ ಕಾರ್ಡಿನ ವರ್ಷವನ್ನು ಊಹಿಸಬೇಡಿ. ಋತುವಿನ ಕೊನೆಗೆ ಕಣಕ್ಕಿಳಿದವರ ಕಾರ್ಡ್ ಮುಂದಿನ ಋತುವಿಗೆ ಹೋಗುವುದೂ ಉಂಟು: ಕೇಲ್ ಮಕಾರ್ 2019ರ ಪ್ಲೇಆಫ್‌ನಲ್ಲಿ (ಋತುವಿನ ಕೊನೆಯ ನಾಕೌಟ್ ಹಂತದಲ್ಲಿ) ಮೊದಲು ಆಡಿದ, ಅವನ ರೂಕಿ ಕಾರ್ಡ್ 2019-20ರದು.

ಹಣ ಕೊಡುವ ಮುನ್ನ ಕಾರ್ಡಿನ ಎರಡೂ ಬದಿಯ ದೊಡ್ಡ ಚಿತ್ರ, ಸೆಟ್‌ನ ಹೆಸರು, ವರ್ಷ ಮತ್ತು ಸಂಖ್ಯೆಯನ್ನು ಬರಹದಲ್ಲೇ ಕೇಳಿ ಪಡೆಯಿರಿ. ಹಿಂಬದಿಯಲ್ಲಿ ಎನ್‌ಎಚ್‌ಎಲ್ ಗುರುತು ಕಾಣದಿದ್ದರೆ ಅಲ್ಲಿಗೇ ಬಿಟ್ಟುಬಿಡಿ.

ನನ್ನ 140 ಡಾಲರ್ ಹಿಂದಿರುಗಲಿಲ್ಲ. ವಿವರಣೆಯಲ್ಲಿ ‘ರೂಕಿ’ ಎಂಬ ಪದವನ್ನಾದರೂ ತೆಗೆಯಿರೆಂದು ಕೇಳಿಕೊಂಡಿದ್ದೆ. ನಿನ್ನೆ ರಾತ್ರಿ ನೋಡಿದಾಗ ಅದೇ ಜೂನಿಯರ್ ಕಾರ್ಡಿನ ಇನ್ನೊಂದು ಪ್ರತಿಯನ್ನು ಅದೇ ಪದದೊಂದಿಗೆ 160 ಡಾಲರ್‌ಗೆ ಮಾರಾಟಕ್ಕಿಟ್ಟಿದ್ದರು.