ಹಾಲಕ್ಕಿಗೆ ತಂದ ಗೂಡುಪೆಟ್ಟಿಗೆ: ಎರಡು ವರ್ಷದ ಅನುಭವ

ಶಿಕಾರಿಪುರದ ಕಡೆ ನಮ್ಮದು ಮಳೆ ನಂಬಿದ ಮೆಕ್ಕೆಜೋಳದ ಹೊಲ. ಬದುವಿನ ಹಳೇ ಮಾವಿನಮರದ ಪೊಟರೆಯಲ್ಲಿ ಪ್ರತಿವರ್ಷ ಹಾಲಕ್ಕಿ ಎಂಬ ಚಿಕ್ಕ ಗೂಬೆಯ ಜೋಡಿ ಮರಿ ಮಾಡುತ್ತಿತ್ತು. ಮರ ಗಾಳಿಗೆ ಬಿದ್ದ ಮೇಲೆ ಸಂಜೆ ಆ ಕಿರುಚಾಟವಿಲ್ಲದೆ ಅಂಗಳ ಬಿಕೋ ಎನ್ನತೊಡಗಿತು. ಬಡಗಿಯೊಬ್ಬರು ಮಾಡಿಕೊಡುವ ಈ ಪೆಟ್ಟಿಗೆಯನ್ನು 850 ರೂಪಾಯಿ ಕೊಟ್ಟು ತಂದೆ.

ಕೆಲಸ ಗಟ್ಟಿ. ಹಲಸಿನ ಹಲಗೆ, 3 ಅಂಗುಲದ ಬಾಯಿ, ತಳ ಬಾಯಿಂದ ಒಂದು ಗೇಣಿಗೂ ಆಳ, ನೀರು ಬಸಿಯಲು ತೂತುಗಳು. ಹಾಲಕ್ಕಿ ಕಡ್ಡಿ ಹೆಣೆದು ಗೂಡು ಕಟ್ಟುವ ಹಕ್ಕಿಯಲ್ಲ, ಸಿಕ್ಕ ಪೊಟರೆಯಲ್ಲೇ ಮೂರೋ ನಾಲ್ಕೋ ಬಿಳಿ ಮೊಟ್ಟೆ ಇಡುತ್ತದೆ. ಅದಕ್ಕೇ ಎರಡು ಬೊಗಸೆ ಮರದ ಹೊಟ್ಟು ಹಾಕಿದೆ.

ಮೊದಲ ವರ್ಷ ಒಂದೂ ಬರಲಿಲ್ಲ. ಪೆಟ್ಟಿಗೆಯದಲ್ಲ, ಜಾಗದ ತಪ್ಪು. ನೆರಳಿದೆ, ಸದ್ದಿಲ್ಲ ಎಂದು ಪಕ್ಕದ ಅಕೇಶಿಯಾ ತೋಪಿನೊಳಗೆ ಕಟ್ಟಿದ್ದೆ. ಹಾಲಕ್ಕಿ ನೋಡುವುದೇ ಬೇರೆ: ಕೂತಲ್ಲಿಂದ ನೆಲ ಕಾಣಬೇಕು, ಮಿಡತೆ, ಜೀರುಂಡೆ, ಇಲಿಮರಿ ಹರಿದಾಡುವುದು ಕಣ್ಣಿಗೆ ಬೀಳಬೇಕು. ತೋಪಿನಲ್ಲಿ ನೆಲದ ತುಂಬ ತರಗೆಲೆ. ಆಗುಂಬೆಯಂಥ ದಟ್ಟ ಕಾಡಿಗಿಂತ ನಮ್ಮ ಬಯಲುಸೀಮೆ ಅಂಚಿನ ಹೊಲ, ಊರ ಹಳೇ ಮರಗಳೇ ಇದಕ್ಕೆ ಪ್ರಿಯ.

ದೀಪಾವಳಿ ಕಳೆದ ಮೇಲೆ ಕಣದ ಪಕ್ಕದ ಬೇವಿನ ಮರಕ್ಕೆ, 12 ಅಡಿ ಎತ್ತರದಲ್ಲಿ ಕಟ್ಟಿಸಿದೆ. ಮಧ್ಯಾಹ್ನದ ಬಿಸಿಲು ಹೊಡೆಯದಂತೆ ಬಾಯಿ ಪೂರ್ವಕ್ಕೆ. ಜನವರಿಯಲ್ಲಿ ಜೋಡಿ ಬಂತು. ಫೆಬ್ರವರಿಯಲ್ಲಿ ಒಂದು ಹಕ್ಕಿ ಮಾತ್ರ ಕೊಂಬೆ ಮೇಲೆ ಕೂರತೊಡಗಿದಾಗ ಇನ್ನೊಂದು ಕಾವಿಗೆ ಕೂತಿದೆ ಎಂದು ತಿಳಿದು, ಮಕ್ಕಳಿಗೆ ಏಣಿ ಮುಟ್ಟಲೂ ಬಿಡಲಿಲ್ಲ. ಏಪ್ರಿಲ್‌ನಲ್ಲಿ ಎರಡು ಮರಿ ಪೆಟ್ಟಿಗೆಯ ಬಾಯಲ್ಲಿ ಮುಖವಿಟ್ಟು ನೋಡುತ್ತಿದ್ದವು. ನನಗೆ ಕಣ್ಣು ತುಂಬಿ ಬಂತು.

"ಗೂಬೇನ ಮನೆ ಹತ್ರ ಕರೀತೀಯಲ್ಲೇ" ಎಂದು ಅತ್ತೆ ಮೊದಲು ಬೇಸರಪಟ್ಟಿದ್ದರು. "ಅತ್ತೆ, ಬುಡುಬುಡಿಕೆಯವರು ಹಾಲಕ್ಕಿ ನುಡೀತು ಅಂತ ಶುಭ ಹೇಳೋದು ಇದನ್ನೇ" ಎಂದೆ. ಈಗ ಸಂಜೆ ಅವರೇ ಜಗಲಿಯಲ್ಲಿ ಕೂತು ಕಾಯುತ್ತಾರೆ.

ಕೊರತೆ ಎರಡು. ಬಾಯಿಯ ಕೆಳಗೆ ಕೂರಲು ಕೊಟ್ಟ ಕಡ್ಡಿ ಗೂಬೆಗೆ ಬೇಕಿಲ್ಲ, ಅದರ ಮೇಲೆ ಗೊರವಂಕ ಕೂತು ಗೂಡು ಹಿಡಿಯಲು ನೋಡಿತು. ಕೊಯ್ದು ಹಾಕಿದೆ. ಮುಚ್ಚಳದ ಕೀಲು ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯಿತು. ಕೊಂಬಿನ ಗೂಬೆಗೆಂದು ಇದನ್ನು ಕೊಳ್ಳಬೇಡಿ. ಅದು ಕಲ್ಲುಗುಡ್ಡದ ಚಾಚು, ಹಳ್ಳದ ದಂಡೆಯ ಬರಿ ನೆಲದಲ್ಲೇ ಮೊಟ್ಟೆ ಇಡುತ್ತದೆ. ಅಲ್ಲಿ ಕಲ್ಲು ಒಡೆಯದಿದ್ದರೆ ಸಾಕು.

ಐದಕ್ಕೆ ನಾಲ್ಕು. ಇನ್ನೊಂದಕ್ಕೆ ಹೇಳಿದ್ದೇನೆ, ಕಡ್ಡಿ ಬೇಡ, ಹಿತ್ತಾಳೆ ಕೀಲು ಹಾಕಿ ಎಂದು.